ದುರ್ಗದ ಕಥೆ ಎಲ್ಲಿಂದ ಓದಬೇಕು? ನಮ್ಮ ಮನೆ ಗುಂಪಿನ ವಾದ

ಭಾವ (ಫಾರ್ವರ್ಡ್): ದುರ್ಗದ ನಾಯಕರ ಬಗ್ಗೆ ತ.ರಾ.ಸು. ಬರೆದ ಎಂಟು ಕಾದಂಬರಿಗಳಲ್ಲಿ, ಟೈಮ್ ಇಲ್ಲದವರು ಕೊನೆಯ ‘ದುರ್ಗಾಸ್ತಮಾನ’ ಒಂದು ಓದಿದರೆ ಸಾಕು. ಒನಕೆ ಹಿಡಿದ ನಾಗತಿ ಓಬವ್ವನ ಚಿತ್ರದುರ್ಗ ಪೂರ್ತಿ ಗೊತ್ತಾಗುತ್ತದೆ!

ಅತ್ತೆ: ಯಾರು ಬರೆದದ್ದು ಇದನ್ನ? ನಾಗತಿ ಓಬವ್ವ ಬೇರೆ, ಒನಕೆ ಓಬವ್ವ ಬೇರೆ. ನಾಗತಿ ಅರಮನೆಯ ಹಿರಿಯಳು. ಒನಕೆ ಓಬವ್ವ ಕೋಟೆ ಕಾವಲುಗಾರನ ಹೆಂಡತಿ. ಇಬ್ಬರ ನಡುವೆ ಹತ್ತಿರ ಹತ್ತಿರ ನೂರು ವರ್ಷ ಇದೆ.

ಅಕ್ಕ: 1972ರ ‘ನಾಗರಹಾವು’ ಸಿನಿಮಾದಲ್ಲಿ ಜಯಂತಿ ಒನಕೆ ಹಿಡಿದದ್ದನ್ನು ನೋಡಿದ ಮೇಲೆ ಎಲ್ಲರಿಗೂ ಒಬ್ಬಳೇ ಓಬವ್ವ ಗೊತ್ತು ಅತ್ತೆ.

ಭಾವ: ಹೆಸರು ತಪ್ಪಿರಬಹುದು. ಆದರೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಆ ಕೊನೆಯ ಪುಸ್ತಕಕ್ಕೇ ಅಲ್ವಾ? ಎಂಟೂ ಓದಿ ಅಂದರೆ ಈಗ ಯಾರು ಓದುತ್ತಾರೆ?

ಅತ್ತೆ: ಬಂತು, 1985ರಲ್ಲಿ. ಅದನ್ನು ನೋಡಲು ತ.ರಾ.ಸು. ಇರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ನನಗೆ ಈಗಲೂ ಅದು ಸಂಕಟ. ಆದರೆ ನೀವು ಕೊನೆಯದನ್ನೇ ಮೊದಲು ಓದಿದರೆ ಕೋಟೆ ಬಿದ್ದದ್ದು ಗೊತ್ತಾಗುತ್ತದೆ, ಏನು ಹೋಯಿತು ಅನ್ನೋದು ಗೊತ್ತಾಗಲ್ಲ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಓದಿ ನೋಡಿ. ದಳವಾಯಿ (ಸೇನಾಪತಿ) ಮುದ್ದಣ್ಣ ಗದ್ದುಗೆಗೆ ಯಾರು ಬರಬೇಕು, ಯಾರು ಇಳಿಯಬೇಕು ಅಂತ ತಾನೇ ತೀರ್ಮಾನಿಸುವವನು. ಅಷ್ಟು ರಕ್ತ ಹರಿದ ಮೇಲೆ ಭರಮಣ್ಣ ನಾಯಕ ಬಂದು ಕೆರೆ ಕಟ್ಟಿಸಿದ, ಗುಡಿ ಕಟ್ಟಿಸಿದ. ಹಾಗೆ ಎದ್ದು ನಿಂತ ಮನೆತನ 1779ರಲ್ಲಿ ಮೈಸೂರಿನ ಹೈದರ್ ಅಲಿಯ ಕೈಗೆ ಹೋಗುತ್ತದೆ. ಹಿಂದಿನದು ಓದಿದವರಿಗೇ ಆ ನೋವು ಪೂರ್ತಿ ತಟ್ಟೋದು.

ದೊಡ್ಡಪ್ಪ: ನನ್ನ ತಕರಾರು ಬೇರೆ. ಕಾದಂಬರಿ ಓದಿದವರೆಲ್ಲ ಇತಿಹಾಸ ಗೊತ್ತು ಅನ್ನುತ್ತಾರೆ. ಹುಲ್ಲೂರು ಶ್ರೀನಿವಾಸ ಜೋಯಿಸರು ದುರ್ಗದ ಬಗ್ಗೆ ಅಷ್ಟು ಸಂಶೋಧನೆ ಮಾಡಿದರು. ಅದನ್ನು ಯಾರೂ ತೆಗೆದು ನೋಡಲ್ಲ.

ಅತ್ತೆ: ಕಾದಂಬರಿ ಓದಿದ್ದಕ್ಕೇ ನಾನು ಜೋಯಿಸರ ಹೆಸರು ಹುಡುಕಿಕೊಂಡು ಹೋದದ್ದು. ಒಂದು ಮಾತು ಒಪ್ಪುತ್ತೇನೆ. ಹೊಸ ಮುದ್ರಣ ಮಾಡುವವರು ಪುಸ್ತಕದ ಕೊನೆಗೆ ಎರಡು ಪುಟ ಹಾಕಲಿ: ಯಾವುದು ದಾಖಲೆಯಲ್ಲಿದೆ, ಯಾವುದು ಕಲ್ಪನೆ ಅಂತ. ಜೊತೆಗೆ ವಂಶವೃಕ್ಷ ಬೇಕೇ ಬೇಕು. 1748ರಲ್ಲಿ ಮಾಯಕೊಂಡದ ಯುದ್ಧದಲ್ಲಿ ಸತ್ತವನೂ ಮದಕರಿ ನಾಯಕ, 1779ರಲ್ಲಿ ಸೆರೆ ಸಿಕ್ಕವನೂ ಮದಕರಿ. ಹೊಸಬರು ತಲೆ ಕೆಡಿಸಿಕೊಳ್ಳದೆ ಇನ್ನೇನು ಮಾಡುತ್ತಾರೆ? ಏಳು ಸುತ್ತಿನ ಕೋಟೆಯ ನಕ್ಷೆಯೂ ಇರಲಿ.

ತಮ್ಮ: ಆಡಿಯೋ ಬಂದರೆ ನಾನು ಬಸ್ಸಲ್ಲಿ ಎಂಟೂ ಕೇಳಿ ಮುಗಿಸುತ್ತೇನೆ.

ಅಕ್ಕ: ಎಷ್ಟು ದಿನ ಹಳೆಯದನ್ನೇ ಓದೋದು? ಹೊಸ ಸರಣಿ ಯಾಕೆ ಬರಬಾರದು?

ಅತ್ತೆ: ಬರಲಿ! ಕೆಳದಿ ನಾಯಕರದು ಬರಲಿ. ಅಲ್ಲಿಯ ರಾಣಿ ಚೆನ್ನಮ್ಮ ಒಬ್ಬಳ ಕಥೆ ಅಲ್ಲ, ಮೊದಲ ದೊರೆ ಚೌಡಪ್ಪ ನಾಯಕನಿಂದ ಹಿಡಿದು 1763ರಲ್ಲಿ ಅವರ ರಾಜಧಾನಿ ಬಿದನೂರು ಬೀಳುವ ತನಕ. ಶಿವಾಜಿಯ ಮಗ ರಾಜಾರಾಮನಿಗೆ ಚೆನ್ನಮ್ಮ ಆಸರೆ ಕೊಟ್ಟದ್ದೇ ಒಂದು ಪುಸ್ತಕ ಆಗುತ್ತದೆ. ಔರಂಗಜೇಬನ ಸೈನ್ಯ ಬೆನ್ನಟ್ಟಿ ಬರುತ್ತದೆ ಅಂತ ಗೊತ್ತಿದ್ದೂ ಕೊಟ್ಟಳು. ಇನ್ನೊಂದು ನೋಡಿ. ಹೈದರ್ ಬಿದನೂರಿನ ಮೇಲೆ ಹೋದಾಗ ದುರ್ಗದವರು ಅವನ ಕಡೆಗೇ ಇದ್ದರು. ಹದಿನಾರು ವರ್ಷಕ್ಕೆ ಅವನೇ ದುರ್ಗ ಹಿಡಿದ. ಎರಡು ಸರಣಿಯನ್ನೂ ಓದಿದವರಿಗೆ ಆ ಜಾಗ ಬಂದಾಗ ಹೇಗಿರುತ್ತದೆ!

ದೊಡ್ಡಪ್ಪ: ಅದನ್ನು ಬರೆಯುವವರು ದುರ್ಗದವರು ಹೈದರನ ಕಡೆಗಿದ್ದದ್ದನ್ನೂ ಬಿಡದೆ ಬರೆದರೆ ನಾನೇ ಮೊದಲು ಕೊಳ್ಳುತ್ತೇನೆ. ಹೀರೋ ಮಾಡಲು ಹೋಗಿ ಮುಚ್ಚಿಡಬಾರದು.

ಅತ್ತೆ: ಅದು ನ್ಯಾಯ.

ಭಾವ: ಸರಿ ಅತ್ತೆ, ಮೊದಲ ಮೂರು ಕಳಿಸಿ. ಎಂಟೂ ಓದುತ್ತೇನೆ ಅಂತ ಮಾತ್ರ ಮಾತು ಕೊಡಲ್ಲ.

ಅತ್ತೆ: ಮೂರು ಓದಿ ಸಾಕು, ನಾಲ್ಕನೆಯದನ್ನು ನೀವೇ ಕೇಳುತ್ತೀರಿ. ಅದಕ್ಕೂ ಮೊದಲು ಈ ಫಾರ್ವರ್ಡ್ ಕಳಿಸಿದ ಗುಂಪಿಗೆಲ್ಲ ಓಬವ್ವಂದಿರು ಇಬ್ಬರು ಅಂತ ಬರೆದು ಹಾಕಿ.