ಮಾಜಿ ಸೈನಿಕರ ಸನ್ಮಾನ: ಪಟ್ಟಿಯಲ್ಲಿ ಯಾರ ಹೆಸರು ಬಿಟ್ಟುಹೋಗಿದೆ?

ಕಾರ್ಯದರ್ಶಿ, ನಿವಾಸಿಗಳ ಸಂಘ · ಡಿಸೆಂಬರ್ 7, ಭಾನುವಾರ

ಎಲ್ಲರಿಗೂ ನಮಸ್ಕಾರ. ಇವತ್ತು ಸಶಸ್ತ್ರ ಪಡೆಗಳ ಧ್ವಜ ದಿನ. ಬೆಳಿಗ್ಗೆ ನಮ್ಮ ಮಕ್ಕಳು ಡಬ್ಬಿ ಹಿಡಿದು ಮನೆಮನೆಗೆ ಬಂದಿದ್ದು ಅದಕ್ಕೇ. 1949ರಿಂದ ನಡೆದುಬಂದಿರುವ ಪದ್ಧತಿ. ಕೈಲಾದಷ್ಟು ಹಾಕಿದ ಎಲ್ಲರಿಗೂ ವಂದನೆಗಳು.

ಇನ್ನೊಂದು ವಿಷಯ. ಜನವರಿ 14 ಮಾಜಿ ಸೈನಿಕರ ದಿನ. ಪಕ್ಕದ ಕೊಡಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಸೇನೆಯಿಂದ ನಿವೃತ್ತರಾಗಿದ್ದು 1953ರಲ್ಲಿ ಅದೇ ದಿನ. ಈ ಸಲ ನಮ್ಮ ಬಡಾವಣೆಯಲ್ಲೂ ಆಚರಿಸೋಣ ಅಂತ ಸಮಿತಿ ತೀರ್ಮಾನಿಸಿದೆ. ಸಂಕ್ರಾಂತಿ ಗಡಿಬಿಡಿ ಇರುವುದರಿಂದ ಜನವರಿ 11ರ ಭಾನುವಾರ ಸಂಜೆ ಪಾರ್ಕಿನಲ್ಲಿ. ಶಾಮಿಯಾನ, ಮೈಕು, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಫಲಕ. ಮನೆಗೆ 500 ರೂಪಾಯಿ. ಸದ್ಯಕ್ಕೆ ಪಟ್ಟಿಯಲ್ಲಿ ಆರು ಜನ ಇದ್ದಾರೆ: ಇಬ್ಬರು ಕರ್ನಲ್, ಒಬ್ಬರು ವಿಂಗ್ ಕಮಾಂಡರ್, ಇಬ್ಬರು ಮೇಜರ್, ಮತ್ತು 1ನೇ ಕ್ರಾಸಿನ ನಮ್ಮ ಸುಬೇದಾರ್ ಸರ್. ಬಿಟ್ಟುಹೋಗಿದ್ದರೆ ತಿಳಿಸಿ.

ಮನೆ 18, 2ನೇ ಕ್ರಾಸ್

ಒಳ್ಳೆ ಕೆಲಸ ಸರ್. ನಮ್ಮನೇದು 500 ಹಾಕಿದ್ದೀನಿ.

ಮನೆ 71, 5ನೇ ಕ್ರಾಸ್

ನಮ್ಮದೂ ಹಾಕಿದೆ. ಮಕ್ಕಳ ಕೈಲಿ ದೇಶಭಕ್ತಿ ಗೀತೆ ಹಾಡಿಸೋಣ.

ಸುಬೇದಾರ್ ಸರ್, 1ನೇ ಕ್ರಾಸ್

ಪಟ್ಟಿಗೆ ನನ್ನನ್ನು ಸೇರಿಸಿದ್ದಕ್ಕೆ ಧನ್ಯವಾದ. ಆದರೆ ಗಂಡಂದಿರು ತೀರಿಕೊಂಡ ತಾಯಂದಿರನ್ನೂ ಕೇಳಿ. ನನಗೆ ತಿಳಿದಂತೆ 3 ಮತ್ತು 4ನೇ ಕ್ರಾಸಿನಲ್ಲಿ ಇಬ್ಬರಿದ್ದಾರೆ.

ಟೀಚರಮ್ಮ, ಮನೆ 43, 3ನೇ ಕ್ರಾಸ್ · ಡಿಸೆಂಬರ್ 9

ಸುಬೇದಾರ್ ಸರ್ ಹೇಳಿದ ಮೇಲೆ 4ನೇ ಕ್ರಾಸಿನ ಅಜ್ಜಿಯ ಮನೆಗೆ ಹೋಗಿದ್ದೆ. ಅವರ ಯಜಮಾನರು ಹವಾಲ್ದಾರ್ ಆಗಿದ್ದವರು, ಹೋಗಿ ಆರು ವರ್ಷ ಆಯಿತು. ಅಜ್ಜಿಗೆ ಈಗ 78. ಸನ್ಮಾನದ ವಿಷಯ ಹೇಳಿದೆ. ಕೇಳಿ ಸಂತೋಷಪಟ್ಟರು, ಯಜಮಾನರ ಫೋಟೋ ಒರೆಸಿ ತಂದು ತೋರಿಸಿದರು. ಆಮೇಲೆ ಕಾಫಿ ಮಾಡಲು ಒಳಗೆ ಹೋದವರು ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ. ನಾನೇ ಒಳಗೆ ಹೋದೆ. ಹಾಲು ಇರಲಿಲ್ಲ.

ಆಗಸ್ಟ್‌ನಿಂದ ಅವರಿಗೆ ಪೆನ್ಷನ್ ಬಂದಿಲ್ಲ. ನಾಲ್ಕು ತಿಂಗಳು. ಅಂಗಡಿಯಲ್ಲಿ ಸಾಲ ಬೆಳೆದಿದೆ ಅಂತ ಹಾಲು ನಿಲ್ಲಿಸಿದ್ದಾರೆ. ಬ್ಯಾಂಕಿಗೆ ಮೂರು ಸಲ ನಡೆದುಕೊಂಡು ಹೋಗಿದ್ದಾರೆ. "ನಮ್ಮ ಕೈಲಿಲ್ಲ ಅಮ್ಮ, ಸ್ಪರ್ಶ್‌ನಲ್ಲಿ ನೋಡಿಸಿ" ಅಂದರಂತೆ. ಅದೇನು ಅಂತ ಅವರಿಗೆ ಗೊತ್ತಿಲ್ಲ. ಯಾಕೆ ಯಾರಿಗೂ ಹೇಳಲಿಲ್ಲ ಅಂತ ಕೇಳಿದ್ದಕ್ಕೆ, "ಅವರ ಪೆನ್ಷನ್ ನಿಂತುಹೋಯಿತು ಅಂತ ಬೀದಿಯಲ್ಲಿ ಹೇಳಿಕೊಂಡರೆ ಅವರ ಹೆಸರಿಗೆ ಕುಂದಲ್ಲವೇನಮ್ಮ" ಅಂದರು.

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆಯಿಂದ ಅವರ ಮನೆ ನೂರು ಹೆಜ್ಜೆ ಇಲ್ಲ. ನಾಲ್ಕು ತಿಂಗಳಾದರೂ ನನಗೆ ಗೊತ್ತಾಗಲಿಲ್ಲ, ಅದು ನನ್ನನ್ನು ಚುಚ್ಚುತ್ತಿದೆ. ಈ ಅಜ್ಜಿಗೆ ಜನವರಿಯಲ್ಲಿ ಶಾಲು ಹೊದಿಸುವ ಮೊದಲು ಡಿಸೆಂಬರಿನಲ್ಲಿ ಪೆನ್ಷನ್ ಬರುವಂತೆ ಮಾಡಬೇಕು. ತಿಳಿದವರು ದಯವಿಟ್ಟು ದಾರಿ ಹೇಳಿ.

ಮನೆ 18, 2ನೇ ಕ್ರಾಸ್

ಹಾಲಿನ ಲೆಕ್ಕ ನಾನು ಇವತ್ತೇ ತೀರಿಸಿ ಬಂದೆ. ನಾಳೆಯಿಂದ ಹಾಲು ಬರುತ್ತೆ. ಅಜ್ಜಿಗೆ ಹೇಳಬೇಡಿ.

ಸುಬೇದಾರ್ ಸರ್, 1ನೇ ಕ್ರಾಸ್

ಇದು ನನಗೆ ಗೊತ್ತಿರುವ ತೊಂದರೆ. ನಿಧಾನವಾಗಿ ಓದಿ, ನಿಮ್ಮ ಮನೆಯಲ್ಲಿ ಸೇನೆಯ ಪೆನ್ಷನ್ ಬರುವವರಿದ್ದರೆ ಅವರಿಗೂ ಓದಿ ಹೇಳಿ.

ಮೊದಲು ನಮಗೆ ಪೆನ್ಷನ್ ಲೆಕ್ಕ ನೋಡುತ್ತಿದ್ದದ್ದು ಬ್ಯಾಂಕು. ಈಗ ಸ್ಪರ್ಶ್ ಎಂಬ ವ್ಯವಸ್ಥೆಯಲ್ಲಿ ಪ್ರಯಾಗ್‌ರಾಜ್‌ನ ರಕ್ಷಣಾ ಪಿಂಚಣಿ ಲೆಕ್ಕಪತ್ರ ಕಚೇರಿಯಿಂದ ಹಣ ನೇರವಾಗಿ ಖಾತೆಗೆ ಬೀಳುತ್ತದೆ. ಬ್ಯಾಂಕಿನಲ್ಲಿ ಇರುವುದು ಬರೀ ಖಾತೆ. ನಾವು ಬದುಕಿದ್ದೇವೆ ಎಂದು ವರ್ಷಕ್ಕೊಮ್ಮೆ ಸ್ಪರ್ಶ್‌ಗೆ ತಿಳಿಯಬೇಕು. ಹಿಂದಿನ ಸಲ ಕೊಟ್ಟ ಜೀವಿತ ಪ್ರಮಾಣಪತ್ರದ ಅವಧಿ ಮುಗಿದು, ಹೊಸದು ತಲುಪದಿದ್ದರೆ ಪೆನ್ಷನ್ ನಿಲ್ಲುತ್ತದೆ. ಯಾರೂ ಮನೆಗೆ ಬಂದು ಹೇಳುವುದಿಲ್ಲ. ಮೊಬೈಲಿಗೆ ಸಂದೇಶ ಬರುತ್ತದೆ, ಆದರೆ ದಾಖಲೆಯಲ್ಲಿ ಇರುವುದು ತೀರಿಕೊಂಡ ಗಂಡನ ಹಳೇ ನಂಬರು.

ಈ ಪ್ರಮಾಣಪತ್ರವನ್ನು ಜೀವನ್ ಪ್ರಮಾಣ್ ಎಂಬ ಸರ್ಕಾರಿ ಆನ್‌ಲೈನ್ ಸೇವೆಯಲ್ಲಿ ಮಾಡಿಸುವಾಗ ಎಡವುವುದು ಒಂದೇ ಜಾಗದಲ್ಲಿ. ಪೆನ್ಷನ್ ಮಂಜೂರು ಮಾಡಿದವರು ಎಂಬಲ್ಲಿ ಡಿಫೆನ್ಸ್, ಪಿಸಿಡಿಎ ಪಿ ಅಲಹಾಬಾದ್ (ಪ್ರಯಾಗ್‌ರಾಜ್‌ನ ಅದೇ ಕಚೇರಿ, ಊರಿನ ಹಳೇ ಹೆಸರಿನಲ್ಲಿ) ಎಂದು ಆರಿಸಬೇಕು. ಹಣ ಕೊಡುವವರು ಎಂಬಲ್ಲಿ ಸ್ಪರ್ಶ್, ಪಿಸಿಡಿಎ ಪೆನ್ಷನ್ಸ್ ಅಲಹಾಬಾದ್ ಎಂದೇ ಆರಿಸಬೇಕು. ಹಳೇ ಅಭ್ಯಾಸದಂತೆ ಅಲ್ಲಿ ಬ್ಯಾಂಕಿನ ಹೆಸರು ಒತ್ತಿದರೆ ಪ್ರಮಾಣಪತ್ರ ತಯಾರಾಗುತ್ತದೆ, ಕೈಗೆ ಚೀಟಿಯೂ ಬರುತ್ತದೆ, ಆದರೆ ತಲುಪಬೇಕಾದ ಕಡೆ ತಲುಪುವುದಿಲ್ಲ. ಅಜ್ಜಿಯ ವಿಷಯದಲ್ಲೂ ಇದೇ ಆಗಿರಬೇಕು ಎಂದು ನನ್ನ ಅನುಮಾನ. ಸರಿಪಡಿಸಿದರೆ ನಿಂತ ತಿಂಗಳುಗಳ ಬಾಕಿಯೂ ಬರುತ್ತದೆ, ಅವರು ಹೆದರುವುದು ಬೇಡ.

ಮನೆ 56, 4ನೇ ಕ್ರಾಸ್

ಸರ್, ನಾನು ಸಾಫ್ಟ್‌ವೇರ್ ಕೆಲಸ ಮಾಡೋದು. ಲ್ಯಾಪ್‌ಟಾಪ್, ಪ್ರಿಂಟರ್ ತರ್ತೀನಿ. ಭಾನುವಾರ ಸಂಘದ ಕೊಠಡಿಯಲ್ಲಿ ಕೂತು ಎಲ್ಲರದ್ದೂ ಒಟ್ಟಿಗೆ ನೋಡಿಬಿಡೋಣ್ವಾ? ವಯಸ್ಸಾದವರ ಬೆರಳಚ್ಚು ಹಿಡಿಯಲ್ಲ, ನಮ್ಮ ತಾತಂದೂ ಹಿಡಿದಿರಲಿಲ್ಲ. ಮುಖ ತೋರಿಸಿ ಮಾಡುವ ವಿಧಾನ ಇದೆ, ಮೊಬೈಲಲ್ಲೇ ಆಗುತ್ತೆ.

ಸುಬೇದಾರ್ ಸರ್, 1ನೇ ಕ್ರಾಸ್

ಭಾನುವಾರ ಹತ್ತು ಗಂಟೆಗೆ ಬರುತ್ತೇನೆ. ತರಬೇಕಾದ್ದು: ಆಧಾರ್, ಪಿಪಿಒ (ಪೆನ್ಷನ್ ಪಾವತಿ ಆದೇಶ), ಬ್ಯಾಂಕ್ ಪಾಸ್‌ಬುಕ್, ಆಧಾರ್‌ಗೆ ಜೋಡಿಸಿದ ಮೊಬೈಲ್. ಸ್ಪರ್ಶ್‌ನ ಪಿಪಿಒ ಸಂಖ್ಯೆ 12 ಅಂಕಿಯದು. ಹಳೆಯದು ಮಾತ್ರ ಇದ್ದರೂ ತನ್ನಿ, ಹುಡುಕೋಣ.

ಒಂದು ಎಚ್ಚರಿಕೆ. ಪಿಪಿಒ, ಆಧಾರ್ ಯಾವುದರ ಫೋಟೋವನ್ನೂ ಈ ಗುಂಪಿನಲ್ಲಿ ಹಾಕಬೇಡಿ. "ಪೆನ್ಷನ್ ಆಫೀಸಿನಿಂದ ಮಾತಾಡ್ತಿದೀವಿ, ನಿಮ್ಮ ಲೈಫ್ ಸರ್ಟಿಫಿಕೇಟ್ ನಾವೇ ಮಾಡ್ತೀವಿ, ಒಟಿಪಿ ಹೇಳಿ" ಎಂದು ಯಾರಾದರೂ ಫೋನ್ ಮಾಡಿದರೆ ಅದು ಮೋಸ. ಇಟ್ಟುಬಿಡಿ.

ಟೀಚರಮ್ಮ, ಮನೆ 43 · ಡಿಸೆಂಬರ್ 14, ಸಂಜೆ

ಇವತ್ತಿನ ವರದಿ. ಆರು ಹೆಸರಿನ ಪಟ್ಟಿ ಹನ್ನೊಂದಾಗಿದೆ. ಹೊಸದಾಗಿ ಬಂದವರು ಒಬ್ಬ ನಿವೃತ್ತ ನಾಯಕ್, ಒಬ್ಬ ಹವಾಲ್ದಾರ್, ಮೂವರು ತಾಯಂದಿರು. ಇಷ್ಟು ವರ್ಷ ಇವರೆಲ್ಲ ನಮ್ಮ ನಡುವೆಯೇ ಇದ್ದವರು. ಸೇನೆ ಅಂದರೆ ನಮಗೆ ಕರ್ನಲ್ ಸಾಹೇಬರ ಗೇಟಿನ ಫಲಕ ಮಾತ್ರ ಕಂಡಿತ್ತು.

4ನೇ ಕ್ರಾಸಿನ ಅಜ್ಜಿಯದು ಸುಬೇದಾರ್ ಸರ್ ಹೇಳಿದ ಹಾಗೇ ಆಗಿತ್ತು, ಹಣ ಕೊಡುವವರ ಜಾಗದಲ್ಲಿ ಬ್ಯಾಂಕಿನ ಹೆಸರು. ಬೆರಳಚ್ಚು ಐದು ಸಲವೂ ಹಿಡಿಯಲಿಲ್ಲ. ಮುಖ ತೋರಿಸಿ ಮಾಡಿಸಿದ್ದಾಯಿತು. ಮೊಬೈಲ್ ನಂಬರೂ ಬದಲಾಯಿಸಿಕೊಟ್ಟಿದ್ದಾರೆ.

3ನೇ ಕ್ರಾಸಿನ ತಾಯಿಯದು ಬೇರೆ ಕಥೆ. ಪಿಪಿಒದಲ್ಲಿ ಮದುವೆಗೆ ಮುಂಚಿನ ಹೆಸರು, ಆಧಾರ್‌ನಲ್ಲಿ ಮನೆಯವರು ಕರೆಯುವ ಹೆಸರು. ಇದು ಒಂದು ದಿನದ ಕೆಲಸ ಅಲ್ಲ. ಸೇನೆಯ ರೆಕಾರ್ಡ್ ಆಫೀಸಿಗೆ ಬರೆಯಬೇಕು. ಅರ್ಜಿ ಸುಬೇದಾರ್ ಸರ್ ಬರೆದಿದ್ದಾರೆ, ಬೆನ್ನು ಹತ್ತುವುದು ನನ್ನ ಪಾಲು. 5ನೇ ಕ್ರಾಸಿನಲ್ಲಿ ಹಾಸಿಗೆ ಹಿಡಿದವರೊಬ್ಬರಿದ್ದಾರೆ, ಅವರಿಗೆ ಅಂಚೆಯಣ್ಣನನ್ನು ಮನೆಗೇ ಕರೆಸಿ ಮಾಡಿಸುತ್ತೇವೆ. ಅಂಚೆ ಪಾವತಿ ಬ್ಯಾಂಕಿನ ಈ ಸೇವೆಗೆ 70 ರೂಪಾಯಿ.

ಇನ್ನೊಂದು ವಿಷಯ ಇದೆ. ರಾತ್ರಿ ಬರೆಯುತ್ತೇನೆ. ಮನಸ್ಸು ಸ್ವಲ್ಪ ಭಾರವಾಗಿದೆ.

ಟೀಚರಮ್ಮ, ಮನೆ 43 · ರಾತ್ರಿ

ನಮ್ಮ ಗೇಟಿನ ರಾತ್ರಿ ಪಾಳಿಯ ಕಾವಲಿನವರು ಬೆಳಿಗ್ಗೆ ಡ್ಯೂಟಿ ಮುಗಿದರೂ ಮನೆಗೆ ಹೋಗದೆ ನಮ್ಮ ಜೊತೆ ಕುರ್ಚಿ ಹಾಕುತ್ತಿದ್ದರು. ಎಲ್ಲರೂ ಹೋದ ಮೇಲೆ 56ನೇ ಮನೆಯ ಹುಡುಗನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು: "ಪೆನ್ಷನ್ ಇಲ್ಲದವರಿಗೂ ಏನಾದರೂ ಇದೆಯಾ ಅಪ್ಪಾ?"

ಅವರು ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಒಂಬತ್ತು ವರ್ಷ ಇದ್ದವರು. ಈಗ 67 ವರ್ಷ. ಡಿಸ್ಚಾರ್ಜ್ ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಊಟದ ಚೀಲದಲ್ಲೇ ಇಟ್ಟುಕೊಂಡಿದ್ದಾರೆ, ಬಾಡಿಗೆ ಮನೆಯ ಮಾಡು ಸೋರುತ್ತದಂತೆ. ನಮ್ಮ ಗೇಟಿಗೆ ಬಂದು ನಾಲ್ಕು ವರ್ಷ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹನ್ನೆರಡನೇ ಹೆಸರು ಅವರದು ಆಗಬೇಕು.

ಸುಬೇದಾರ್ ಸರ್, 1ನೇ ಕ್ರಾಸ್

ನಾನೂ ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಅದೇ ಸ್ಯಾಪರ್ಸ್ ಸೆಂಟರಿನಲ್ಲಿ ತರಬೇತಿ ಪಡೆದವನು. ನಾಲ್ಕು ವರ್ಷ ದಿನಾ ಬೆಳಿಗ್ಗೆ ವಾಕಿಂಗ್ ಹೋಗುವಾಗ ಅವರು ನಮಸ್ಕಾರ ಹೇಳಿದ್ದಾರೆ, ನಾನು ತಲೆಯಾಡಿಸಿ ಮುಂದೆ ಹೋಗಿದ್ದೇನೆ. ಒಮ್ಮೆಯಾದರೂ ನಿಂತು ಎಲ್ಲಿಯವರು ಎಂದು ಕೇಳಿದ್ದರೆ ಗೊತ್ತಾಗುತ್ತಿತ್ತು.

ಈಗ ನಿಯಮ ಹೇಳುತ್ತೇನೆ. ಸಿಪಾಯಿ ದರ್ಜೆಯಲ್ಲಿ ಪೆನ್ಷನ್ ಸಿಗಲು 15 ವರ್ಷದ ಸೇವೆ ಬೇಕು. ಅದಕ್ಕೆ ಮೊದಲೇ ಬಿಡುಗಡೆಯಾದವರಿಗೆ ಪೆನ್ಷನ್ ಇಲ್ಲ. ಪೆನ್ಷನ್ ಇಲ್ಲದಿದ್ದರೆ ಇಸಿಎಚ್‌ಎಸ್, ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಪಾಲಿಕ್ಲಿನಿಕ್ಕೂ ಇಲ್ಲ. ಅಂಥವರಲ್ಲಿ 65 ದಾಟಿದ, ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ದರ್ಜೆಯವರಿಗೆ ಕೇಂದ್ರೀಯ ಸೈನಿಕ ಮಂಡಳಿಯಿಂದ ಒಂದು ನೆರವಿದೆ. ತಿಂಗಳಿಗೆ 4,000 ಇತ್ತು, 2025ರ ನವೆಂಬರ್ 1ರಿಂದ ಸಲ್ಲಿಸುವ ಅರ್ಜಿಗಳಿಗೆ 8,000 ಮಾಡಿದ್ದಾರೆ. ಆ ಹಣ ಬರುವುದು ಧ್ವಜ ದಿನದ ನಿಧಿಯಿಂದಲೇ. ನಮ್ಮ ಮಕ್ಕಳು ಡಬ್ಬಿ ಹಿಡಿದು ಗೇಟು ದಾಟಿಕೊಂಡು ಬಂದರಲ್ಲ, ಆ ಗೇಟಿನಲ್ಲಿ ಕೂತವರಿಗೆ ಸಲ್ಲಬೇಕಾದ ಹಣ ಅದು.

ಡಿಸ್ಚಾರ್ಜ್ ಬುಕ್ಕು ನೋಡಿದೆ. ಬಿಡುಗಡೆಯ ಕಾರಣದ ಸಾಲಿನಲ್ಲಿ ಸ್ವಂತ ಕೋರಿಕೆ ಎಂದಿಲ್ಲ, ಅದು ಮುಖ್ಯ. ಮಾಜಿ ಸೈನಿಕರ ಗುರುತಿನ ಚೀಟಿ ಅವರು ಮಾಡಿಸಿಯೇ ಇಲ್ಲ. ಮೊದಲು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಇಲ್ಲಿನ ಕಚೇರಿಯಲ್ಲಿ ಅದು ಆಗಬೇಕು, ಆಮೇಲೆ ಮಂಡಳಿಗೆ ಆನ್‌ಲೈನ್ ಅರ್ಜಿ. ಅಧಿಕಾರಿಗಳು ವರಮಾನದ ವಿಚಾರ ಕೇಳುತ್ತಾರೆ, ಇದ್ದದ್ದು ಇದ್ದ ಹಾಗೆ ಹೇಳಬೇಕು. ಸಿಗುತ್ತದೆ ಎಂದು ನಾನು ಮಾತು ಕೊಡುವುದಿಲ್ಲ. ಜೊತೆಗೆ ಹೋಗುತ್ತೇನೆ ಎಂದು ಕೊಡುತ್ತೇನೆ.

ಮನೆ 64, 5ನೇ ಕ್ರಾಸ್

ಗೌರವ ಇದೆ, ಆದರೂ ಒಂದು ಮಾತು. ಅವರು ಏಜೆನ್ಸಿಯ ಕೆಲಸದವರು, ಬಡಾವಣೆಯ ನಿವಾಸಿ ಅಲ್ಲ. ಕಾರ್ಯಕ್ರಮ ನಿವಾಸಿಗಳಿಗೆ ಅಂತ ಹಣ ಎತ್ತಿದ್ದೇವೆ. ನಾಳೆ ಇನ್ನೊಬ್ಬರು ಕೇಳಿದರೆ?

ಟೀಚರಮ್ಮ, ಮನೆ 43

ಸರ್, ನಿಮ್ಮ ಪ್ರಶ್ನೆ ಅರ್ಥವಾಗುತ್ತೆ, ಲೆಕ್ಕ ಸರಿ ಇರಬೇಕು. ಆದರೆ ನಾವು ಹನ್ನೊಂದು ಗಂಟೆಗೆ ಮಲಗಿ ಆರಕ್ಕೆ ಏಳುವವರು. ಅವರು ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಇಲ್ಲಿ ಎಚ್ಚರವಾಗಿರುತ್ತಾರೆ. ನಿವಾಸಿ ಅನ್ನೋದಕ್ಕೆ ನಾನು ಬೇರೆ ಅರ್ಥ ಹುಡುಕಲ್ಲ.

ಶಾಲಿನ ಮಾತು ಎತ್ತಿದಾಗ ಅವರು ನನಗೆ ಏನು ಹೇಳಿದರು ಗೊತ್ತೇ? "ಶಾಲು ಬೇಡ ಮೇಡಂ. ಆಗೋದಾದ್ರೆ ವಾರಕ್ಕೊಂದು ರಜೆ ಕೊಡ್ಸಿ." ನಾಲ್ಕು ವರ್ಷದಲ್ಲಿ ಅವರಿಗೆ ವಾರದ ರಜೆ ಸಿಕ್ಕಿಲ್ಲ. ಖಜಾಂಚಿಯವರೇ, ಇದು ನಿಜವೇ?

ಖಜಾಂಚಿ · ಡಿಸೆಂಬರ್ 15

ನಿಜ. ಒಪ್ಪಂದ ತೆಗೆದು ನೋಡಿದೆ. ಇಬ್ಬರು ಕಾವಲಿನವರು, ಹನ್ನೆರಡು ಗಂಟೆಯ ಎರಡು ಪಾಳಿ. ಬದಲಿ ಆಳಿಗೆ ಹಣ ಇಟ್ಟಿಲ್ಲ. ಕಡಿಮೆ ದರ ಹೇಳಿದ ಏಜೆನ್ಸಿಯನ್ನು ನಾವೇ ಸಭೆಯಲ್ಲಿ ಕೈಯೆತ್ತಿ ಆರಿಸಿದ್ದು, ಆ ಸಭೆಯಲ್ಲಿ ನಾನೂ ಇದ್ದೆ. ರಜೆ ಹೇಗೆ ಕೊಡುತ್ತಾರೆ ಅಂತ ಒಬ್ಬರೂ ಕೇಳಲಿಲ್ಲ.

ಲೆಕ್ಕ ಹಾಕಿದ್ದೇನೆ. ಇಬ್ಬರಿಗೂ ತಿಂಗಳಿಗೆ ನಾಲ್ಕು ರಜೆ ಅಂದರೆ ಎಂಟು ಪಾಳಿ. ಪಾಳಿಗೆ 750ರಂತೆ 6,000 ರೂಪಾಯಿ. 96 ಮನೆಗೆ ಹಂಚಿದರೆ ಮನೆಗೆ 65 ರೂಪಾಯಿ ಕೂಡ ಪೂರ್ತಿ ಬೇಕಾಗಲ್ಲ. ಸಂಬಳ ಹಿಡಿಯದೆ ರಜೆ ಕೊಡಬೇಕು ಅಂತ ಏಜೆನ್ಸಿಗೆ ಬರೆಯುತ್ತೇನೆ.

ಸನ್ಮಾನಕ್ಕೆ ಈವರೆಗೆ 77 ಮನೆಯಿಂದ 38,500 ಬಂದಿದೆ. ಶಾಮಿಯಾನ, ಮೈಕು, ಫಲಕ ಬಿಟ್ಟರೆ ಅದರಲ್ಲಿ ದೊಡ್ಡ ಪಾಲು ಉಳಿಯುತ್ತದೆ. ಉಳಿದದ್ದನ್ನು ಆಸ್ಪತ್ರೆಗೆ ಕರೆದೊಯ್ಯುವ ಖರ್ಚಿಗೆ, ಅರ್ಜಿ ಓಡಾಟಕ್ಕೆ ಇಡಬಹುದೇ? ಹಣ ಕೊಟ್ಟವರ ಒಪ್ಪಿಗೆ ಬೇಕು. ಬೇಡ ಅನ್ನುವವರಿಗೆ ವಾಪಸ್ ಕೊಡುತ್ತೇನೆ.

ಮನೆ 64, 5ನೇ ಕ್ರಾಸ್

ನನ್ನ 500 ಇರಲಿ. 65 ರೂಪಾಯಿಗೂ ಒಪ್ಪಿಗೆ.

ಸುಬೇದಾರ್ ಸರ್, 1ನೇ ಕ್ರಾಸ್

ಫಲಕ ಬೇಡ. ಆದರೆ ಶಾಲು, ಪೇಟ ಇರಲಿ ಎಂದು ನನ್ನ ಮನವಿ. 4ನೇ ಕ್ರಾಸಿನ ಅಜ್ಜಿ ಯಜಮಾನರ ಫೋಟೋಗೆ ಪೇಟ ಇಡಿಸಬೇಕು ಎಂದು ಆಸೆಪಟ್ಟಿದ್ದಾರೆ. ಅದು ಸಣ್ಣ ಆಸೆಯಲ್ಲ.

ಕಾರ್ಯದರ್ಶಿ · ಡಿಸೆಂಬರ್ 28

81 ಮನೆಯವರು ಬರೆದು ಒಪ್ಪಿದ್ದಾರೆ. ಜನವರಿ 11ಕ್ಕೆ ಶಾಮಿಯಾನ ಇಲ್ಲ, ಪಾರ್ಕಿನ ಹೊಂಗೆ ಮರದ ಕೆಳಗೆ ಕುರ್ಚಿ. ದರ್ಜೆ ಪ್ರಕಾರ ಸಾಲು ಬೇಡ, ವಯಸ್ಸಿನ ಪ್ರಕಾರ ಕೂರಿಸೋಣ ಅಂತ ಕರ್ನಲ್ ಸಾಹೇಬರೇ ಹೇಳಿದರು. ಹಿರಿಯರಾದ್ದರಿಂದ ಮೊದಲ ಕುರ್ಚಿ ಹೊಸದಾಗಿ ಪಟ್ಟಿಗೆ ಬಂದ ಹವಾಲ್ದಾರರದು.

ಇಸಿಎಚ್‌ಎಸ್ ಪಾಲಿಕ್ಲಿನಿಕ್ಕಿಗೆ ಹೋಗುವವರಿಗೆ ಕಾರಿನ ಸರದಿ ಶುರು ಮಾಡುತ್ತಿದ್ದೇವೆ. ತುರ್ತು ಸಂದರ್ಭ ಬಿಟ್ಟರೆ ಸಾಮಾನ್ಯವಾಗಿ ಅಲ್ಲಿಂದ ಶಿಫಾರಸು ಚೀಟಿ ಇಲ್ಲದೆ ದೊಡ್ಡ ಆಸ್ಪತ್ರೆಯಲ್ಲಿ ಹಣ ಕಟ್ಟದೆ ಚಿಕಿತ್ಸೆ ಸಿಗಲ್ಲ, ಹಾಗಾಗಿ ಬೆಳಿಗ್ಗೆ ಬೇಗ ಹೋಗಿ ಸಾಲು ನಿಲ್ಲಲೇಬೇಕು. ಕಾರು ಕೊಡುವವರು ಹೆಸರು ಹೇಳಿ.

ಮನೆ 71, 5ನೇ ಕ್ರಾಸ್

ಮಂಗಳವಾರ ನಂದು. ನಾನೇ ಓಡಿಸ್ತೀನಿ, ಸಾಲಲ್ಲೂ ನಿಲ್ತೀನಿ.

ಮನೆ 18, 2ನೇ ಕ್ರಾಸ್

ಶುಕ್ರವಾರ ನಾನು.

ಟೀಚರಮ್ಮ, ಮನೆ 43 · ಜನವರಿ 9

ಅಜ್ಜಿಯ ಖಾತೆಗೆ ಬಾಕಿ ಸಮೇತ ಪೆನ್ಷನ್ ಬಿದ್ದಿದೆ. ಪಾಸ್‌ಬುಕ್ ತಂದು ನನ್ನ ಕೈಲಿ ಎರಡು ಸಲ ಓದಿಸಿದರು. ಹಾಲಿನ ಅಂಗಡಿಗೆ ಹೋಗಿ ಬಾಕಿ ಕೇಳಿದ್ದಾರೆ, ಯಾರೋ ಕೊಟ್ಟಾಗಿದೆ ಅಂದರಂತೆ. ಯಾರು ಅಂತ ಪತ್ತೆ ಮಾಡಿ ಕೊಟ್ಟೇ ತೀರುತ್ತೇನೆ ಅನ್ನುತ್ತಿದ್ದಾರೆ. 18ನೇ ಮನೆಯವರೇ, ತಯಾರಾಗಿರಿ.

3ನೇ ಕ್ರಾಸಿನ ತಾಯಿಯ ಹೆಸರಿನ ತಿದ್ದುಪಡಿ ಇನ್ನೂ ಆಗಿಲ್ಲ. ಇನ್ನೊಂದು ಪತ್ರ ಕೇಳಿದ್ದಾರೆ, ಕಳಿಸುತ್ತಿದ್ದೇವೆ.

ಸುಬೇದಾರ್ ಸರ್, 1ನೇ ಕ್ರಾಸ್

ಕಾವಲಿನವರ ಗುರುತಿನ ಚೀಟಿಯ ಅರ್ಜಿ ಸ್ವೀಕಾರವಾಗಿದೆ. ಮುಂದಿನ ಬುಧವಾರ ಮತ್ತೆ ಬರಹೇಳಿದ್ದಾರೆ, ಇಬ್ಬರೂ ಹೋಗುತ್ತೇವೆ.

ಖಜಾಂಚಿ · ಜನವರಿ 10

ನಾಳೆ ಭಾನುವಾರ ರಾತ್ರಿ ಗೇಟಿನಲ್ಲಿ ಬೇರೆಯವರು ಇರುತ್ತಾರೆ. ಗುರುತು ಸಿಗಲಿಲ್ಲ ಅಂತ ಯಾರೂ ಗಾಬರಿಯಾಗಬೇಡಿ.