ಅಪ್‌ಡೇಟ್: ಸಂಶೋಧನಾ ಪೇಪರ್‌ನಲ್ಲಿ ನನ್ನ ಹೆಸರು ಮೂರನೆಯದಾಗಿದ್ದ ವಿಷಯ

ಹೋದ ವಾರ ಕೇಳಿದ್ದೆ ಅಲ್ವಾ, ಎರಡು ವರ್ಷ ಪ್ರಯೋಗ ಮಾಡಿ ಡ್ರಾಫ್ಟ್ ಬರೆದದ್ದು ನಾನು, ಆದರೆ ಗೈಡ್ ನನ್ನ ಹೆಸರನ್ನು ಮೂರನೆಯದಾಗಿ ಹಾಕಿದ್ದಾರೆ ಅಂತ. ಈಗ ಮೊದಲ ಹೆಸರು ನನ್ನದೇ!

ಕೈಹಿಡಿದದ್ದು 'ಕ್ರೆಡಿಟ್' (CRediT) ಪಟ್ಟಿಯ ಸಲಹೆ, ಅಂದರೆ ಪೇಪರ್‌ಗಾಗಿ ಯಾರು ಯಾವ ಕೆಲಸ ಮಾಡಿದರು ಅಂತ ಗುರುತಿಸುವ ಪಟ್ಟಿ. ಅದರ 14 ಪಾತ್ರಗಳನ್ನು ಹಾಳೆಯಲ್ಲಿ ಬರೆದು, ಯಾವುದನ್ನು ಯಾರು ಮಾಡಿದರು ಅಂತ ಲ್ಯಾಬ್ ನೋಟ್‌ಬುಕ್‌ನ ತಾರೀಕು ಸಮೇತ ತುಂಬಿದೆ. ಮಲ್ಲೇಶ್ವರದ ದರ್ಶಿನಿಯಲ್ಲಿ, ಕಾಫಿ ಲೋಟ ಪಕ್ಕಕ್ಕೆ ಸರಿಸಿ, ಸರ್ ಎರಡು ಸಲ ಓದಿದರು. "ಇಷ್ಟೆಲ್ಲ ನೀನೇ ಮಾಡಿದ್ದಾ? ನನ್ನ ಗಮನಕ್ಕೇ ಬಂದಿರಲಿಲ್ಲಮ್ಮ" ಅಂದರು. ಬೇಸರವೂ ಆಯಿತು, ಸಮಾಧಾನವೂ ಆಯಿತು.

ಜರ್ನಲ್‌ಗೆ ಬರೆದದ್ದರಿಂದ ಪ್ರಯೋಜನವಾಗಲಿಲ್ಲ. ಇಂಥ ಜಗಳವನ್ನು ಸಂಪಾದಕರು ತೀರ್ಮಾನಿಸುವುದಿಲ್ಲ, ಲೇಖಕರೋ ಅವರ ಸಂಸ್ಥೆಯೋ ಬಗೆಹರಿಸಬೇಕಂತೆ. ನನಗಿದು ಹೊಸದು.

ಬರೀ ಉಪಕರಣ ಕೊಟ್ಟಿದ್ದ ಸೀನಿಯರ್ ಹೆಸರು ಈಗ ಕೃತಜ್ಞತೆಯ ಸಾಲಿನಲ್ಲಿದೆ. ಅವರೂ ಒಪ್ಪಿದರು. ಮುಂದಿನ ಪೇಪರ್‌ನ ಹೆಸರಿನ ಕ್ರಮವನ್ನು ಈಗಲೇ ಮೇಲ್‌ನಲ್ಲಿ ಬರೆದಿಟ್ಟಿದ್ದೇವೆ.