ವಿಮಾನಗಳು ಕಡಿಮೆಯಾದಾಗ ಸೋಗಾನೆಯ ಗುತ್ತಿಗೆ ನೌಕರರಿಗೆ ಭದ್ರತೆ ಏನು?

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣದಲ್ಲಿ ಚೆಕ್-ಇನ್ ಕೌಂಟರಿನ ಕೆಲಸದಲ್ಲಿದ್ದಾಳೆ. ಅವಳಿಗೆ ಸಂಬಳ ಬರುವುದು ವಿಮಾನ ಸಂಸ್ಥೆಯಿಂದಲ್ಲ, ಸಿಬ್ಬಂದಿಯನ್ನು ಒದಗಿಸುವ ಗುತ್ತಿಗೆದಾರರಿಂದ. ಪ್ರಯಾಣಿಕರು ಕಡಿಮೆಯಾದರೆಂದು ವಾರದ ಹಾರಾಟಗಳನ್ನು ಇಳಿಸಿದ ಮೇಲೆ ಅವಳ ಪಾಳಿಗಳೂ ಇಳಿದವು. ಈಗ ಗುತ್ತಿಗೆದಾರರ ಕಡೆಯವರು, ಸದ್ಯಕ್ಕೆ ರಾಜೀನಾಮೆ ಬರೆದುಕೊಡಿ, ವಿಮಾನಗಳು ಹೆಚ್ಚಾದಾಗ ಮತ್ತೆ ಕರೆಯುತ್ತೇವೆ ಎನ್ನುತ್ತಿದ್ದಾರೆ. ಬಾಯಿಮಾತು ಚೆನ್ನಾಗಿಯೇ ಇದೆ, ಆದರೆ ಕಾಗದದಲ್ಲಿ ಏನನ್ನೂ ಕೊಟ್ಟಿಲ್ಲ.

ಎಲೆಚುಕ್ಕೆ ರೋಗ ತೋಟಕ್ಕೆ ಬಂದಾಗಿನಿಂದ ನಮ್ಮ ಮನೆಯ ಖರ್ಚು ಬಹುಮಟ್ಟಿಗೆ ಅವಳ ಸಂಬಳದ ಮೇಲೆಯೇ ನಡೆಯುತ್ತಿದೆ. ಆದ್ದರಿಂದ ತಿಳಿದವರು ದಯವಿಟ್ಟು ಹೇಳಬೇಕು: ರಾಜೀನಾಮೆ ಕೊಟ್ಟರೆ ಅವಳು ಕಳೆದುಕೊಳ್ಳುವುದೇನು? ಮುಂದಿನ ವೇಳಾಪಟ್ಟಿಯವರೆಗೆ ಕಾಯುವುದರಲ್ಲಿ ಅರ್ಥವಿದೆಯೇ, ಅಥವಾ ಈಗಲೇ ಬೆಂಗಳೂರಿನಲ್ಲಿ ಕೆಲಸ ಹುಡುಕಬೇಕೇ?

ಉತ್ತರ 1: ವಿಮಾನಯಾನ ಕ್ಷೇತ್ರದಲ್ಲಿ ದುಡಿದವರು, ಸಾಗರ

ವೇಳಾಪಟ್ಟಿ ಹೇಗೆ ಕಡಿತವಾಗುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಕಾಯಬೇಕೇ ಬೇಡವೇ ಎಂಬುದು ಅದರ ಮೇಲೆಯೇ ನಿಂತಿದೆ. ನಮ್ಮ ದೇಶದಲ್ಲಿ ವಿಮಾನಗಳ ವೇಳಾಪಟ್ಟಿ ವರ್ಷಕ್ಕೆ ಎರಡು ಬಾರಿ, ಮಾರ್ಚ್ ಮತ್ತು ಅಕ್ಟೋಬರ್ ತಿಂಗಳುಗಳ ಕೊನೆಯ ಭಾನುವಾರ, ಬದಲಾಗುತ್ತದೆ. ನಡುವೆ ಬೇಡಿಕೆ ಕುಸಿದರೆ ಸಂಸ್ಥೆಗಳು ಕೆಲವು ದಿನಗಳ ಹಾರಾಟವನ್ನು ಹಿಂದಕ್ಕೆ ಪಡೆಯುತ್ತವೆ. ಇಂಧನವೊಂದೇ ಒಟ್ಟು ವೆಚ್ಚದ ಸುಮಾರು ಐದರಲ್ಲಿ ಎರಡು ಪಾಲು; ಅದರ ಮೇಲೆ, ವಿಮಾನ ಹಾರಲಿ ಬಿಡಲಿ ಅದರ ಬಾಡಿಗೆಯನ್ನು ಕಟ್ಟಲೇಬೇಕು. ಆದ್ದರಿಂದ ಎಪ್ಪತ್ತು ಚಿಲ್ಲರೆ ಆಸನಗಳ ಎಟಿಆರ್ ವಿಮಾನ ಅರ್ಧ ಖಾಲಿಯಾಗಿ ಓಡಾಡುವ ಮಾರ್ಗದಿಂದ ತುಂಬುವ ಮಾರ್ಗಕ್ಕೆ ಹೋಗಿಬಿಡುತ್ತದೆ. ದೇವನಹಳ್ಳಿಯಂಥ ದೊಡ್ಡ ನಿಲ್ದಾಣದಲ್ಲಿ ಹತ್ತು ಹಾರಾಟ ನಿಂತರೂ ಸಿಬ್ಬಂದಿಯನ್ನು ಬೇರೆ ಹಾರಾಟಗಳಿಗೆ ಹಂಚಬಹುದು. ದಿನಕ್ಕೆ ಬೆರಳೆಣಿಕೆಯ ವಿಮಾನಗಳು ಬರುವ ಶಿವಮೊಗ್ಗದಲ್ಲಿ ಒಂದು ನಿಂತರೂ ಪಾಳಿಯ ದೊಡ್ಡ ಭಾಗವೇ ಹೋಗುತ್ತದೆ. ನಿಮ್ಮ ತಂಗಿಯವರಿಗೆ ಆಗಿರುವುದು ಇದೇ. ಇದರಲ್ಲಿ ಅವರ ಕೆಲಸದ ಗುಣಮಟ್ಟದ ಪ್ರಶ್ನೆ ಇಲ್ಲ.

ಹಾರಾಟ ಕಡಿಮೆಯಾಗುವುದು ಬೇರೆ, ಸಂಸ್ಥೆಯೇ ಮುಳುಗುವುದು ಬೇರೆ. 2020ರ ಮಾರ್ಚ್ 25ರಿಂದ ಎರಡು ತಿಂಗಳು ದೇಶದೊಳಗಿನ ಪ್ರಯಾಣಿಕ ಹಾರಾಟ ಪೂರ್ತಿ ನಿಂತಿತ್ತು, ಆಮೇಲೆ ಮೂರನೆಯ ಒಂದು ಪಾಲಿನಿಂದ ಆರಂಭವಾಯಿತು. ಅನೇಕರನ್ನು ಸಂಬಳವಿಲ್ಲದ ರಜೆಯ ಮೇಲೆ ಕಳಿಸಿದರು, ಕೆಲವರನ್ನು ತೆಗೆದರು, ಆದರೆ ಬೇಡಿಕೆ ಮರಳಿದಂತೆ ನೇಮಕಾತಿಯೂ ಮರಳಿತು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್, 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದಾಗ ಹಾಗಾಗಲಿಲ್ಲ. ನೌಕರರು ಬಾಕಿ ಸಂಬಳಕ್ಕಾಗಿ ದಿವಾಳಿ ಪ್ರಕ್ರಿಯೆಯ ಸಾಲಿನಲ್ಲಿ ನಿಲ್ಲಬೇಕಾಯಿತು. ಸಂಬಳ ತಡವಾಗುತ್ತಿದೆಯೇ, ಪಿಎಫ್ ಪ್ರತಿ ತಿಂಗಳು ಜಮೆಯಾಗುತ್ತಿದೆಯೇ ಎಂದು ನೋಡಿ. ಎರಡೂ ಸರಿಯಿದ್ದರೆ ಮುಂದಿನ ವೇಳಾಪಟ್ಟಿಯವರೆಗೆ ಕಾಯಲು ಕಾರಣವಿದೆ.

ಸಣ್ಣ ಊರುಗಳಿಗೆ ವಿಮಾನ ಸಂಪರ್ಕ ಕಲ್ಪಿಸುವ ಕೇಂದ್ರದ ಉಡಾನ್ ಯೋಜನೆಯ ಮಾರ್ಗಗಳ ವಿಷಯವನ್ನೂ ಗಮನದಲ್ಲಿಡಬೇಕು. ನಷ್ಟ ತುಂಬುವ ಸರ್ಕಾರದ ನೆರವು ಸಾಮಾನ್ಯವಾಗಿ ಮೂರು ವರ್ಷಗಳಿಗೆ ಮಾತ್ರ. ತಂಗಿಯವರು ನೋಡಿಕೊಳ್ಳುವ ಹಾರಾಟ ಅಂಥ ಮಾರ್ಗದ್ದಾಗಿದ್ದರೆ, ಆ ಅವಧಿ ಯಾವಾಗ ಮುಗಿಯುತ್ತದೆ ಎಂದು ಈಗಲೇ ವಿಚಾರಿಸಿಕೊಳ್ಳಲಿ. ಅಪಾಯಕಾರಿ ಸರಕುಗಳ ತರಬೇತಿಯಂಥ ಪ್ರಮಾಣಪತ್ರಗಳ ಪ್ರತಿಗಳು ಅವರ ಕೈಯಲ್ಲೇ ಇರಬೇಕು, ಏಕೆಂದರೆ ಕೆಲಸ ಬಿಟ್ಟಾಗ ನಿಲ್ದಾಣದ ಪ್ರವೇಶ ಪಾಸನ್ನು ಹಿಂದಿರುಗಿಸಲೇಬೇಕು, ಆದರೆ ಕಲಿತದ್ದರ ದಾಖಲೆ ಮುಂದಿನ ಕೆಲಸಕ್ಕೆ ಬೇಕಾಗುತ್ತದೆ.

ಉತ್ತರ 2: ಕಾರ್ಮಿಕ ಸಂಘಟನೆಯಲ್ಲಿರುವವರು, ಭದ್ರಾವತಿ

ದಯವಿಟ್ಟು ರಾಜೀನಾಮೆ ಬರೆದುಕೊಡಬೇಡಿ. ಭದ್ರಾವತಿಯವರಾದ ನಾವು ಎರಡು ದೊಡ್ಡ ಕಾರ್ಖಾನೆಗಳ ಸಂಕಷ್ಟವನ್ನು ಕಂಡವರು. ಕೆಲಸ ಕುಂದಿದಾಗ ಮೊದಲು ಹೊರಗೆ ಹೋಗುವವರು ಗುತ್ತಿಗೆಯವರೇ, ಮತ್ತು ಕಾಗದವಿಲ್ಲದವರಿಗೆ ಆಮೇಲೆ ಕೇಳಲು ಏನೂ ಉಳಿದಿರುವುದಿಲ್ಲ.

ಉದ್ಯೋಗದಾತರು ಕೆಲಸ ಕಡಿಮೆ ಎಂಬ ಕಾರಣಕ್ಕೆ ತೆಗೆದರೆ ಅದು ಕಾನೂನಿನ ದೃಷ್ಟಿಯಲ್ಲಿ ಉದ್ಯೋಗ ಕಡಿತ (ರಿಟ್ರೆಂಚ್‌ಮೆಂಟ್). ಹನ್ನೆರಡು ತಿಂಗಳಲ್ಲಿ 240 ದಿನ ದುಡಿದಿದ್ದರೆ ಒಂದು ತಿಂಗಳ ನೋಟಿಸು ಅಥವಾ ಅದರ ಬದಲಿಗೆ ಸಂಬಳ, ಪೂರೈಸಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಸಿಗಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ಈ ಹಕ್ಕು, 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಉಳಿದಿದೆ. ಸಾಮಾನ್ಯವಾಗಿ ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕು. ಒಂದು ವರ್ಷದೊಳಗೆ ಮತ್ತೆ ನೇಮಕ ಮಾಡಿಕೊಂಡರೆ ತೆಗೆದವರಿಗೆ ಆದ್ಯತೆ ಕೊಡಬೇಕು. ಮತ್ತೆ ಕರೆಯುತ್ತೇವೆ ಎಂದು ಅವರು ಬಾಯಲ್ಲಿ ಹೇಳುತ್ತಿರುವುದನ್ನು ಕಾನೂನೇ ಹಕ್ಕಾಗಿ ಕೊಟ್ಟಿದೆ. ರಾಜೀನಾಮೆಗೆ ಸಹಿ ಬಿದ್ದ ಕ್ಷಣ ತಾವಾಗಿಯೇ ಬಿಟ್ಟರು ಎಂದಾಗುತ್ತದೆ, ಇದ್ಯಾವುದೂ ಅನ್ವಯಿಸುವುದಿಲ್ಲ.

ಒಂದು ವಿಷಯವನ್ನು ಮಾತ್ರ ಪರೀಕ್ಷಿಸಿ. ನೇಮಕಾತಿ ಪತ್ರದಲ್ಲಿ ನಿಗದಿತ ಅವಧಿ ಬರೆದಿದ್ದು, ಆ ಅವಧಿ ಮುಗಿದಾಗ ನವೀಕರಿಸದಿದ್ದರೆ ಅದನ್ನು ಉದ್ಯೋಗ ಕಡಿತವೆಂದು ಪರಿಗಣಿಸುವುದಿಲ್ಲ. ಹಾಗೆಯೇ, ಕೆಲಸವಿಲ್ಲದ ದಿನಗಳಿಗೆ ಅರ್ಧ ವೇತನ ಕೊಡುವ ಲೇ-ಆಫ್ ನಿಯಮ ಕಾರ್ಖಾನೆ, ಗಣಿ, ಪ್ಲಾಂಟೇಶನ್‌ಗಳಿಗೆ ಸೀಮಿತ. ಚಿಕ್ಕಮಗಳೂರಿನ ದೊಡ್ಡ ಕಾಫಿ ಎಸ್ಟೇಟಿನ ಕಾರ್ಮಿಕರಿಗೆ ಇರುವ ಈ ರಕ್ಷಣೆ ವಿಮಾನ ನಿಲ್ದಾಣದ ಕೌಂಟರಿನಲ್ಲಿ ನಿಲ್ಲುವವರಿಗೆ ಇಲ್ಲದಿರುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ದೂರು ಕೊಡಬೇಕಾಗಿ ಬಂದರೆ ಶಿವಮೊಗ್ಗದ ರಾಜ್ಯ ಕಾರ್ಮಿಕ ಇಲಾಖೆಗೆ ಅಲೆಯಬೇಡಿ. ವಿಮಾನ ಸಾರಿಗೆ ಕೇಂದ್ರದ ವ್ಯಾಪ್ತಿಗೆ ಸೇರಿದ್ದು. ಬೆಂಗಳೂರಿನಲ್ಲಿರುವ ಕೇಂದ್ರ ಕಾರ್ಮಿಕ ಆಯುಕ್ತರ ಕಚೇರಿಗೆ ಬರೆಯಬೇಕು. ಗುತ್ತಿಗೆದಾರರು ಸಂಬಳ ಬಾಕಿ ಉಳಿಸಿಕೊಂಡರೆ ಅದನ್ನು ತೀರಿಸುವ ಹೊಣೆ ಮೂಲ ಉದ್ಯೋಗದಾತರದ್ದು, ಅಂದರೆ ಗುತ್ತಿಗೆದಾರರ ಮೂಲಕ ಕೆಲಸ ಮಾಡಿಸಿಕೊಳ್ಳುವ ಸಂಸ್ಥೆಯದ್ದು, ಎಂಬುದನ್ನೂ ಆ ಪತ್ರದಲ್ಲಿ ಬರೆಯಿರಿ.

ಉತ್ತರ 3: ಟ್ಯಾಕ್ಸಿ ಮಾಲೀಕರು, ಶಿವಮೊಗ್ಗ

ಇದು ಕೌಂಟರಿನವರ ಕಷ್ಟ ಮಾತ್ರವಲ್ಲ. ವಿಮಾನವನ್ನು ನಂಬಿ ಸಾಲ ಮಾಡಿ ಕಾರು ಕೊಂಡ ನಮ್ಮಂಥವರೂ, ಜೋಗದ ಸುತ್ತಲಿನ ಹೋಂಸ್ಟೇಯವರೂ ಹಾರಾಟ ಕಡಿಮೆಯಾದ ದಿನಗಳಲ್ಲಿ ಕಂತು ಕಟ್ಟಲು ಒದ್ದಾಡುತ್ತೇವೆ. ಬೆಂಗಳೂರಿಗೆ ಹೋಗುವವರಿಗೆ ಜನಶತಾಬ್ದಿ ರೈಲೂ ರಾತ್ರಿ ಬಸ್ಸೂ ಇರುವುದರಿಂದ, ಟಿಕೆಟ್ ದರ ಏರಿದ ಕೂಡಲೇ ವಿಮಾನದ ಆಸನಗಳು ಖಾಲಿ ಉಳಿಯುತ್ತವೆ. ಹೈದರಾಬಾದ್, ಚೆನ್ನೈಯಂಥ ದೂರದ ಮಾರ್ಗಗಳಿಗೆ ಇಲ್ಲಿಯ ಜನ ಉಳಿಯುತ್ತಾರೆಂದು ನನಗೆ ಅನ್ನಿಸುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನೇಮಕಾತಿ ಪತ್ರ ತರಿಸಿ ನೋಡಿದೆವು, ಅದರಲ್ಲಿ ಅವಧಿ ನಮೂದಾಗಿಲ್ಲ. ಪಿಎಫ್ ಜಮೆಯಾಗುತ್ತಿದೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತವೂ ಇದೆ. ಅವರಾಗಿಯೇ ತೆಗೆದುಬಿಟ್ಟರೆ ಇಎಸ್‌ಐನಿಂದ ಏನಾದರೂ ಸಿಗುವುದೇ?

ಉತ್ತರ 4: ಭದ್ರಾವತಿಯವರೇ

ಅವಧಿ ನಮೂದಾಗಿಲ್ಲದಿರುವುದು ನಿಮಗೆ ಅನುಕೂಲಕರ. ಇಎಸ್‌ಐ ನಿಗಮದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ, ಕೆಲಸ ಕಳೆದುಕೊಂಡ ವಿಮಾದಾರರಿಗೆ ಸರಾಸರಿ ದಿನಗೂಲಿಯ ಅರ್ಧದಷ್ಟನ್ನು ಗರಿಷ್ಠ 90 ದಿನಗಳವರೆಗೆ ಕೊಡುತ್ತಾರೆ. ಕನಿಷ್ಠ ಎರಡು ವರ್ಷ ವಿಮೆಗೆ ಒಳಪಟ್ಟ ಉದ್ಯೋಗದಲ್ಲಿದ್ದಿರಬೇಕು ಮತ್ತು ವಂತಿಗೆಯ ದಿನಗಳ ಷರತ್ತು ಪೂರೈಸಿರಬೇಕು. ಜೀವಮಾನದಲ್ಲಿ ಒಮ್ಮೆ ಮಾತ್ರ ಸಿಗುತ್ತದೆ. ಯೋಜನೆಯ ಅವಧಿಯನ್ನು ಆಗಾಗ ವಿಸ್ತರಿಸುತ್ತ ಬಂದಿದ್ದಾರೆ, ಆದ್ದರಿಂದ ಅರ್ಜಿ ಹಾಕುವ ಮುನ್ನ ಇಎಸ್‌ಐ ಶಾಖಾ ಕಚೇರಿಯಲ್ಲಿ ವಿಚಾರಿಸಿ. ಸ್ವಯಂ ನಿವೃತ್ತಿಯವರಿಗೆ ಇದು ದೊರೆಯುವುದಿಲ್ಲ. ಆ ಕಾರಣಕ್ಕೂ ರಾಜೀನಾಮೆ ಬೇಡ.

ತಂಗಿಯವರು ಈ ವಾರವೇ ಗುತ್ತಿಗೆದಾರರಿಗೆ ಒಂದು ಮಿಂಚಂಚೆ ಕಳಿಸಲಿ: ನಾನು ಕೆಲಸಕ್ಕೆ ಸಿದ್ಧಳಿದ್ದೇನೆ, ಪಾಳಿ ಕೊಡದಿದ್ದರೆ ಅದರ ಕಾರಣವನ್ನು ಲಿಖಿತವಾಗಿ ತಿಳಿಸಿ ಎಂದಷ್ಟೇ ಬರೆದರೆ ಸಾಕು. ಬೆಂಗಳೂರಿನಲ್ಲಿ ಕೆಲಸ ಹುಡುಕುವುದನ್ನೂ ಜೊತೆಗೇ ಮಾಡಲಿ, ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಅಲ್ಲಿಯ ನೇಮಕಾತಿ ಪತ್ರ ಕೈಗೆ ಬಂದ ಮೇಲೆ ಇಲ್ಲಿ ಬಿಡುವ ಬಗ್ಗೆ ಯೋಚಿಸಿದರಾಯಿತು.